ಹಳೇ ಎಫ್‌ಸಿ 150 ಟ್ರಕ್ಕಿಗೆ ಎಸಿ ಪಂಪೇ (ಎಂಜಿನ್ನಿಂದ ಓಡುವ ಹಳೇ ಪೆಟ್ರೋಲ್ ಪಂಪ್) ಇರಲಾ, ಎಲೆಕ್ಟ್ರಿಕ್ ಪಂಪ್ ಹಾಕಿಸಲಾ?

ಹೆತ್ತೂರು ಹುಡುಗ:

ಎಲ್ಲರಿಗೂ ನಮಸ್ಕಾರ. ನಮ್ಮ ತಾತ ತೋಟಕ್ಕೆ ಅಂತ ತಗೊಂಡಿದ್ದ ಮಹೀಂದ್ರಾ ಎಫ್‌ಸಿ 150 ಪಿಕಪ್ ಇನ್ನೂ ನಮ್ಮ ಹತ್ತಿರವೇ ಇದೆ. ನೋಡದವರಿಗೆ ಹೇಳಬೇಕು ಅಂದರೆ, ಮೂತಿಯೇ ಇಲ್ಲದ ಜೀಪ್. ಎಂಜಿನ್ ಮುಂದೆ ಇಲ್ಲ, ಕ್ಯಾಬಿನ್ ಒಳಗೇ ಎರಡು ಸೀಟಿನ ನಡುವೆ ತಗಡಿನ ಡಬ್ಬದ ಕೆಳಗೆ ಕೂತಿರುತ್ತದೆ. ಚಳಿಗಾಲದಲ್ಲಿ ಸುಖ, ಏಪ್ರಿಲ್‌ನಲ್ಲಿ ಎಡಗಾಲು ಬೆಂದು ಹೋಗುತ್ತದೆ. ಎಂಜಿನ್ ಒರಿಜಿನಲ್ ಪೆಟ್ರೋಲ್, ಅದೇ 134 ಕ್ಯೂಬಿಕ್ ಇಂಚಿನ ಎಫ್-ಹೆಡ್ (ಒಂದು ಸಾಲು ವಾಲ್ವ್ ಮೇಲೆ, ಇನ್ನೊಂದು ಪಕ್ಕದಲ್ಲಿ ಇರುವ ಹಳೇ ವಿನ್ಯಾಸ). 12 ವೋಲ್ಟ್, ಡೈನಮೋ.

ಹೋದ ವಾರ ಉಪ್ಪಿನಂಗಡಿಯಿಂದ ಅಡಿಕೆ ಸಸಿ ತುಂಬಿಕೊಂಡು ಶಿರಾಡಿ ಘಾಟಿ ಹತ್ತಿದೆ. ಗುಂಡ್ಯ ದಾಟಿ ಅರ್ಧ ಘಾಟಿವರೆಗೆ ಏನೂ ತೊಂದರೆ ಇಲ್ಲ. ಆಮೇಲೆ ಸೆಕೆಂಡ್ ಗೇರಲ್ಲಿ ಎಳೆಯುವಾಗ ಉಸಿರು ಕಟ್ಟಿದ ಹಾಗೆ ಜಗ್ಗತೊಡಗಿತು. ಹೇಗೋ ದೋಣಿಗಾಲ್ ತಲುಪಿ ಟೀ ಕುಡಿಯಲು ನಿಲ್ಲಿಸಿದೆ, ಅಷ್ಟೇ, ಮತ್ತೆ ಸ್ಟಾರ್ಟ್ ಆಗಲಿಲ್ಲ. ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಇಳಿಯಿತು. ಮುಕ್ಕಾಲು ಗಂಟೆ ಬಿಟ್ಟು ತಳ್ಳಿಸಿದ ಮೇಲೆ ಏನೂ ಆಗಿಲ್ಲ ಅನ್ನೋ ಹಾಗೆ ಹೊರಟಿತು.

ನಮ್ಮೂರ ಮೇಸ್ತ್ರಿ ಒಂದೇ ಮಾತು: "ಎಸಿ ಪಂಪ್ ಕಿತ್ತು ಬಿಸಾಕಿ, ಎಲೆಕ್ಟ್ರಿಕ್ ಹಾಕಿ." ಹಾಕಿಸಬೇಕಾ? ಹಾಕಿದರೆ ಯಾವುದು? ಗಾಡಿ ತಿಂಗಳಿಗೆ ಎರಡು ಮೂರು ಸಲ ಮಾತ್ರ ಓಡುತ್ತದೆ, ಮಳೆಗಾಲದಲ್ಲಿ ಅದೂ ಇಲ್ಲ.

407 ಮಂಜ:

ಡೀಸೆಲ್ ಎಂಜಿನ್ ಕೂರಿಸಿ ಬಿಡಿ ಗುರುವೇ, ಪಂಪ್ ಚಿಂತೆಯೇ ಇಲ್ಲ. ಎಂಬತ್ತರ ದಶಕದಲ್ಲಿ ಎಷ್ಟು ಪೆಟ್ರೋಲ್ ಜೀಪಿಗೆ ಪೂಜೋ ಎಕ್ಸ್‌ಡಿಪಿ ಕೂರಿಸಿಲ್ಲ ಹೇಳಿ 😄

ಹೆತ್ತೂರು ಹುಡುಗ:

ಮಂಜಣ್ಣ, ತಾತ ಸ್ವರ್ಗದಿಂದಲೇ ಇಳಿದು ಬಂದು ಹೊಡೆಯುತ್ತಾರೆ.

ಎಫ್-ಹೆಡ್ ಅಜ್ಜ, ಮಡಿಕೇರಿ:

ಮಗಾ, ಮೊದಲು ಪಂಪನ್ನು ಬೈಯುವುದು ನಿಲ್ಲಿಸು. ನಾನು ಸೇನೆಯಲ್ಲಿ ಗಾಡಿ ರಿಪೇರಿ ಮಾಡುವ ಇಎಂಇಯಲ್ಲಿ ಇದ್ದಷ್ಟು ವರ್ಷವೂ ಇದೇ ತರಹದ ಎಂಜಿನ್ ಬಿಚ್ಚಿ ಕೂಡಿಸಿದವನು. ಪಂಪ್ ಬದಲಾಯಿಸಿದ ಮೇಲೂ ಅದೇ ತಿರುವಿನಲ್ಲಿ ನಿಂತ ಗಾಡಿಗಳನ್ನು ಲೆಕ್ಕ ಇಲ್ಲದಷ್ಟು ನೋಡಿದ್ದೇನೆ.

ಅದು ನಿಂತಾಗ ಏರ್ ಕ್ಲೀನರ್ ತೆಗೆದು ಕಾರ್ಬರೇಟರ್ ಬಾಯೊಳಗೆ ಇಣುಕಿದೆಯಾ? ಒಣಗಿತ್ತಾ, ಒದ್ದೆ ಇತ್ತಾ? ಇದೇ ಮುಖ್ಯ ಪ್ರಶ್ನೆ. ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ, ಅಂದರೆ ಲೈನಿನಲ್ಲಿ ಪೆಟ್ರೋಲ್ ಕುದಿದು ಆವಿಯಾಗಿದೆ, ಇಲ್ಲವೇ ಎಲ್ಲೋ ಗಾಳಿ ಎಳೆಯುತ್ತಿದೆ. ನಮ್ಮ ಕಡೆ ಎರಡಕ್ಕೂ ಏರ್ ಲಾಕ್ ಅಂತಲೇ ಹೇಳುತ್ತಾರೆ, ಆದರೆ ಎರಡೂ ಬೇರೆ ಕಾಯಿಲೆ. ಒದ್ದೆ ಇದ್ದು ಗಮ್ಮಂತ ವಾಸನೆ ಹೊಡೆದರೆ ಕತೆಯೇ ಬೇರೆ. ಎಂಜಿನ್ ನಿಲ್ಲಿಸಿದ ಮೇಲೆ ಬಿಸಿ ಮೇಲಕ್ಕೆ ಏರಿ ಕಾರ್ಬರೇಟರ್ ಬಟ್ಟಲಲ್ಲಿರುವ ಪೆಟ್ರೋಲ್ ಕುದಿದು ಒಳಗೆ ಉಕ್ಕಿರುತ್ತದೆ. ಆಗ ಜಾಸ್ತಿ ಪೆಟ್ರೋಲ್ ಆಗಿಯೇ ಸ್ಟಾರ್ಟ್ ಆಗುವುದಿಲ್ಲ. ಅದಕ್ಕೆ ಎಲೆಕ್ಟ್ರಿಕ್ ಪಂಪ್ ಹಾಕಿದರೆ ಬೆಂಕಿಗೆ ತುಪ್ಪ ಸುರಿದ ಹಾಗೆ.

ಇನ್ನೊಂದು, ಸ್ಪಾರ್ಕ್ ನೋಡಿದೆಯಾ? ಕಂಡೆನ್ಸರ್ ಬಿಸಿಯಾದಾಗ ಕೈಕೊಟ್ಟು ತಣ್ಣಗಾದ ಮೇಲೆ ಸಾಧುವಾಗುವುದು ಹೊಸದೇನಲ್ಲ. ಪೆಟ್ರೋಲ್ ಇಲ್ಲದ ಹಾಗೇ ನಾಟಕ ಆಡುತ್ತದೆ.

ಪಂಪಿಗೆ ಗಾಜಿನ ಬಟ್ಟಲು ಇದೆಯಾ? ಇದ್ದರೆ ಒರೆಸಿ ಫೋಟೋ ಹಾಕು.

ಹೆತ್ತೂರು ಹುಡುಗ:

ಅಜ್ಜ, ಇಣುಕಿದ್ದೆ. ಒಣಗಿತ್ತು. ಆಕ್ಸಿಲರೇಟರ್ ಒತ್ತಿದರೆ ಒಳಗೆ ಒಂದು ಹನಿಯೂ ಚಿಮ್ಮಲಿಲ್ಲ. ಸ್ಪಾರ್ಕ್ ನೋಡಲಿಲ್ಲ, ತಲೆಗೆ ಹೊಳೆಯಲಿಲ್ಲ. ಗಾಜಿನ ಬಟ್ಟಲು ಇದೆ, ತಳದಲ್ಲಿ ತುಕ್ಕಿನ ಪುಡಿ ಕೂತಿದೆ. ಎಂಜಿನ್ ಓಡುವಾಗ ಒಳಗೆ ಸೋಡಾ ಬಾಟಲಿ ತೆಗೆದ ಹಾಗೆ ಸಣ್ಣ ಸಣ್ಣ ಗುಳ್ಳೆ ಬರುತ್ತದೆ. ತಣ್ಣಗಿದ್ದಾಗಲೂ ಬರುತ್ತದೆ. ಅದು ಮಾಮೂಲಿ ಅಂದುಕೊಂಡಿದ್ದೆ.

ಎಫ್-ಹೆಡ್ ಅಜ್ಜ, ಮಡಿಕೇರಿ:

ತಣ್ಣಗಿದ್ದಾಗ ಗುಳ್ಳೆ ಬರುವುದು ಮಾಮೂಲಿ ಅಲ್ಲ ಮಗಾ. ತಣ್ಣನೆ ಪೆಟ್ರೋಲ್ ಕುದಿಯುವುದಿಲ್ಲ. ಅಂದರೆ ಟ್ಯಾಂಕಿಗೂ ಪಂಪಿಗೂ ನಡುವೆ ಎಲ್ಲೋ ಗಾಳಿ ಎಳೆಯುತ್ತಿದೆ. ರಬ್ಬರ್ ಪೈಪ್, ಕ್ಲಿಪ್, ಬಟ್ಟಲಿನ ಪ್ಯಾಕಿಂಗ್ ಮೂರೂ ನೋಡು. ಇಂಥ ಕಡೆ ಪೆಟ್ರೋಲ್ ಹೊರಗೆ ತೊಟ್ಟಿಕ್ಕುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಅದಕ್ಕೇ ಯಾರಿಗೂ ಕಣ್ಣಿಗೆ ಬೀಳುವುದಿಲ್ಲ.

ಪಂಪ್ ಕೆಲಸ ಮಾಡುವ ರೀತಿ ಒಂದು ಸಲ ತಲೆಯಲ್ಲಿ ಕೂರಿಸಿಕೊಂಡರೆ ಮೇಸ್ತ್ರಿ ಹೇಳಿದ್ದಕ್ಕೆಲ್ಲ ತಲೆ ಆಡಿಸಬೇಕಿಲ್ಲ. ಕ್ಯಾಮ್ ಶಾಫ್ಟ್ ಒಂದು ತೋಳನ್ನು ಒತ್ತುತ್ತದೆ, ಆ ತೋಳು ಡಯಾಫ್ರಮ್ಮನ್ನು (ಪಂಪಿನೊಳಗಿನ ರಬ್ಬರ್ ಪರದೆ) ಕೆಳಗೆ ಎಳೆಯುತ್ತದೆ, ಟ್ಯಾಂಕಿನಿಂದ ಪೆಟ್ರೋಲ್ ಬರುತ್ತದೆ. ಮೇಲಕ್ಕೆ ತಳ್ಳುವುದು ಕ್ಯಾಮ್ ಅಲ್ಲ, ಡಯಾಫ್ರಮ್ ಕೆಳಗಿರುವ ಸ್ಪ್ರಿಂಗ್. ಅದಕ್ಕೇ ಈ ಎಂಜಿನ್ನಿಗೆ ಪ್ರೆಷರ್ ಚದರ ಇಂಚಿಗೆ ಎರಡೂವರೆಯಿಂದ ಮೂರೂಮುಕ್ಕಾಲು ಪೌಂಡ್ ಅಷ್ಟೇ, ಎಷ್ಟು ರೇಸ್ ಮಾಡಿದರೂ ಅದು ಏರುತ್ತಾ ಹೋಗುವುದಿಲ್ಲ. ಕಾರ್ಬರೇಟರ್ "ಸಾಕು" ಅಂತ ಸೂಜಿ ಮುಚ್ಚಿದರೆ ಡಯಾಫ್ರಮ್ ಕೆಳಗೇ ನಿಂತಿರುತ್ತದೆ, ತೋಳು ಮಾತ್ರ ಸುಮ್ನೆ ಆಡುತ್ತಿರುತ್ತದೆ. ಎಂಜಿನ್ ನಿಂತರೆ ಪಂಪೂ ನಿಂತಿತು. ತಂತಿ ಇಲ್ಲ, ಫ್ಯೂಸ್ ಇಲ್ಲ. ಅಂಥದ್ದನ್ನು ಕಿತ್ತು ಬಿಸಾಕು ಅನ್ನುವವನಿಗೆ ಏನು ಹೇಳಲಿ.

ಮೂಡಿಗೆರೆ ಜೀಪ್ ಅಕ್ಕ:

ಅಜ್ಜ ಹೇಳಿದ್ದು ಸರಿ, ಆದರೆ ಪೂರ್ತಿ ಸರಿ ಅಲ್ಲ 🙂 ನನ್ನ ಸಿಜೆ-3ಬಿ ಜೀಪಿಗೆ ಆರು ವರ್ಷದಿಂದ ಎಲೆಕ್ಟ್ರಿಕ್ ಪಂಪ್ ಇದೆ. ನನಗೆ ಅದು ಬೇಕಾಗಿದ್ದಕ್ಕೆ ಕಾರಣ ಇದೆ.

ಈ ಎಂಜಿನ್ನಲ್ಲಿ ಪಂಪ್ ಇರುವ ಜಾಗ ನೋಡಿ. ಎಡಗಡೆ, ಕೆಳಗೆ, ಅದೇ ಬದಿಗೆ ಸೈಲೆನ್ಸರ್ ಮ್ಯಾನಿಫೋಲ್ಡ್ (ಬಿಸಿ ಹೊಗೆ ಹೊರಹೋಗುವ ಕೊಳವೆ). ಪಂಪ್ ಅಲ್ಲಿ ಕೂತು ಹಿಂದಿನ ಟ್ಯಾಂಕಿನಿಂದ ಎಳೆಯಬೇಕು. ಎಳೆಯುವ ಪೈಪಿನಲ್ಲಿ ಪ್ರೆಷರ್ ಕಡಿಮೆ ಇರುತ್ತದೆ, ಪ್ರೆಷರ್ ಕಡಿಮೆಯಾದರೆ ಪೆಟ್ರೋಲ್ ಬೇಗ ಕುದಿಯುತ್ತದೆ. ಎಲೆಕ್ಟ್ರಿಕ್ ಪಂಪನ್ನು ಟ್ಯಾಂಕಿನ ಪಕ್ಕದಲ್ಲಿ, ಸಾಧ್ಯವಾದರೆ ಟ್ಯಾಂಕಿನ ತಳಕ್ಕಿಂತ ಕೆಳಗೆ ಕೂರಿಸಿದರೆ ಅದು ತಣ್ಣಗಿರುವ ಜಾಗದಿಂದ ತಳ್ಳುತ್ತದೆ. ಲೈನ್ ಪೂರ್ತಿ ಪ್ರೆಷರ್ ಇರುವುದರಿಂದ ಕುದಿಯುವುದು ಕಷ್ಟ. ಎಫ್‌ಸಿಯಲ್ಲಂತೂ ಎಂಜಿನ್ ಡಬ್ಬದೊಳಗೆ ಬೇಯುತ್ತಿರುತ್ತದೆ, ಗಾಳಿಯೇ ಆಡುವುದಿಲ್ಲ, ಅಲ್ವಾ?

ಮತ್ತೆ ಈಗಿನ ಪೆಟ್ರೋಲ್. 2023ರ ಫೆಬ್ರವರಿ 6ರಂದು ನಮ್ಮ ಬೆಂಗಳೂರಲ್ಲೇ ಇ20, ಅಂದರೆ 20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲ್, ಬಿಡುಗಡೆ ಮಾಡಿದರು. ಈಗ ಹೋದ ಬಂಕಿನಲ್ಲೆಲ್ಲ ಅದೇ. ಎಥನಾಲ್ ಬೆರೆತ ಪೆಟ್ರೋಲ್ ಬೇಗ ಆವಿಯಾಗುತ್ತದೆ, ಅದಕ್ಕಿಂತ ಹೆಚ್ಚಾಗಿ ಹಳೇ ಕಾಲದ ರಬ್ಬರನ್ನು ತಿನ್ನುತ್ತದೆ. ನನ್ನ ಹಳೇ ಎಸಿ ಪಂಪಿನ ಡಯಾಫ್ರಮ್ ಬಿಚ್ಚಿದಾಗ ಒದ್ದೆ ಹಪ್ಪಳದ ಹಾಗೆ ಉಬ್ಬಿ ಸುಕ್ಕುಗಟ್ಟಿತ್ತು. ಬೆರಳಲ್ಲಿ ಒತ್ತಿದರೆ ಕಪ್ಪು ಮಸಿ ಮೆತ್ತಿಕೊಳ್ಳುತ್ತಿತ್ತು.

ಮೂರನೆಯದು, ನಿಂತ ಗಾಡಿ. ಮಳೆಗಾಲ ಮುಗಿಯುವ ಹೊತ್ತಿಗೆ ಕಾರ್ಬರೇಟರ್ ಬಟ್ಟಲು ಒಣಗಿರುತ್ತದೆ. ಎಸಿ ಪಂಪ್ ಇದ್ದಾಗ ಸೆಲ್ಫ್ ಹೊಡೆದೂ ಹೊಡೆದೂ ಸಾಕಾಗುತ್ತಿತ್ತು. ಈಗ ಬಟನ್ ಒತ್ತಿ ಹಿಡಿದರೆ ಹತ್ತು ಸೆಕೆಂಡ್ ಟಿಕ್ ಟಿಕ್ ಟಿಕ್ ಅನ್ನುತ್ತದೆ, ಬಟ್ಟಲು ತುಂಬಿದ ಮೇಲೆ ನಿಧಾನ ಆಗುತ್ತದೆ, ಒಂದೇ ಸಲಕ್ಕೆ ಸ್ಟಾರ್ಟ್.

ಎಫ್-ಹೆಡ್ ಅಜ್ಜ, ಮಡಿಕೇರಿ:

ತಾಯಿ, ಆ ಪಂಪಿನ ಕೆಳಗೆ ಕೈಯಲ್ಲಿ ಒತ್ತುವ ಒಂದು ಲಿವರ್ ಇರುತ್ತದೆ. ಇಪ್ಪತ್ತು ಸಲ ಒತ್ತಿದರೆ ಬಟ್ಟಲು ತುಂಬುತ್ತದೆ. ಒತ್ತಿದರೆ ಸಡಿಲ ಅನ್ನಿಸಿದರೆ ಕ್ಯಾಮ್ ತೋಳನ್ನು ಒತ್ತಿ ಹಿಡಿದ ಜಾಗದಲ್ಲಿ ನಿಂತಿದೆ ಅಂತ ಅರ್ಥ. ಹ್ಯಾಂಡಲ್ ಹಾಕಿ ಎಂಜಿನ್ ಒಂದು ಸುತ್ತು ತಿರುಗಿಸಿ ಮತ್ತೆ ಒತ್ತಬೇಕು. ಇದನ್ನು ಮೇಸ್ತ್ರಿಗಳೇ ಮರೆತಿದ್ದಾರೆ.

ಮೂಡಿಗೆರೆ ಜೀಪ್ ಅಕ್ಕ:

ಗೊತ್ತು ಅಜ್ಜ. ಸೀರೆ ಸೆರಗು ಸಿಕ್ಕಿಸಿಕೊಂಡು ಜಿಗಣೆ ಇರುವ ಕೊಟ್ಟಿಗೆಯಲ್ಲಿ ಬಗ್ಗಿ ಅದನ್ನು ಒತ್ತಿ ನೋಡಿ, ಆಮೇಲೆ ಮಾತಾಡೋಣ 😀

ಡಾಲಸ್ ಗೌಡ:

ನನ್ನ ಅನುಭವ ಉಲ್ಟಾ. ಇಲ್ಲಿ ಟೆಕ್ಸಾಸ್‌ನಲ್ಲಿ ನನ್ನದು 1970ರ ಷೆವ್ರೊಲೆ ಸಿ10, 350 ವಿ8. ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಇಲ್ಲಿನ ಪೆಟ್ರೋಲಲ್ಲೂ 10 ಪರ್ಸೆಂಟ್ ಎಥನಾಲ್ ಇದೆ. ಎಲ್ಲರೂ ಹೇಳಿದರು ಅಂತ ಎಲೆಕ್ಟ್ರಿಕ್ ಹಾಕಿದೆ, ಎರಡು ವರ್ಷ ಓಡಿಸಿದೆ, ವಾಪಸ್ ಮೆಕ್ಯಾನಿಕಲ್ ಹಾಕಿದೆ. ಮೊದಲು ತಂದ ಪಂಪಿನ ಪ್ರೆಷರ್ ಜಾಸ್ತಿ, ಕಾರ್ಬರೇಟರ್ ಉಕ್ಕುತ್ತಿತ್ತು. ತಡೆಯಲು ಅಗ್ಗದ ರೆಗ್ಯುಲೇಟರ್ ಹಾಕಿದೆ, ಅದರ ಮೇಲಿನ ನಂಬರ್ ಸುಮ್ನೆ ಅಲಂಕಾರಕ್ಕೆ. ಗೇಜ್ ಹಾಕಿ ನೋಡಿದರೆ ದಿನಕ್ಕೊಂದು ಲೆಕ್ಕ. ಆಮೇಲೆ ಸದ್ದು. ಚಾಸಿಗೆ ನೇರ ಬೋಲ್ಟ್ ಮಾಡಿದ್ದರಿಂದ ಇಡೀ ಕ್ಯಾಬಿನ್ ಗುಂಯ್ ಅನ್ನುತ್ತಿತ್ತು. ಕೊನೆಗೆ ಒಂದು ದಿನ ಹೈವೇಯಲ್ಲಿ ಪಂಪಿಗೆ ಕರೆಂಟ್ ಕೊಡುವ ರಿಲೇ ಕೈಕೊಟ್ಟಿತು.

ಮೆಕ್ಯಾನಿಕಲ್‌ಗೆ ವಾಪಸ್ ಹೋದಾಗ ಮ್ಯಾನಿಫೋಲ್ಡ್ ಹತ್ತಿರ ಹೋಗುತ್ತಿದ್ದ ಸ್ಟೀಲ್ ಲೈನ್ ದೂರ ಸರಿಸಿದೆ. ಫಿಲ್ಟರಿನಿಂದ ಟ್ಯಾಂಕಿಗೆ ಒಂದು ಸಣ್ಣ ರಿಟರ್ನ್ ಲೈನ್ ಕೊಟ್ಟೆ. ಆವಿ ಆದರೂ ಅದು ಟ್ಯಾಂಕಿಗೆ ವಾಪಸ್ ಹೋಗುತ್ತದೆ, ಪೆಟ್ರೋಲ್ ನಿಲ್ಲದೆ ಹರಿಯುವುದರಿಂದ ಬಿಸಿಯೂ ಕಮ್ಮಿ. ಅಲ್ಲಿಂದ ಇವತ್ತಿನವರೆಗೆ ನಿಂತಿಲ್ಲ.

ಮಂಜಣ್ಣ, ಡೀಸೆಲ್ ಅಂದಿರಲ್ಲ, ಇಲ್ಲಿ ಡೀಸೆಲ್ ಟ್ರಕ್ಕಿನವರದೂ ಇದೇ ಜಗಳ. 5.9 ಲೀಟರಿನ ಕಮಿನ್ಸ್‌ನಲ್ಲಿ ಹಳೇ 12 ವಾಲ್ವಿನದಕ್ಕೆ ಎಂಜಿನ್ನೇ ಓಡಿಸುವ ಫೀಡ್ ಪಂಪ್. 1998ರಲ್ಲಿ 24 ವಾಲ್ವ್ ಬಂದಾಗ ಅದನ್ನು ಎಲೆಕ್ಟ್ರಿಕ್ ಮಾಡಿದರು. ಆ ಸಣ್ಣ ಪಂಪ್ ಸೊರಗಿದರೆ ಸದ್ದಿಲ್ಲದೆ ದುಬಾರಿ ಇಂಜೆಕ್ಷನ್ ಪಂಪನ್ನೂ ಕೊಲ್ಲುತ್ತದೆ, ಯಾಕೆಂದರೆ ಅದು ತಣ್ಣಗಿರುವುದೂ ನುಣುಪಾಗಿರುವುದೂ ಹಾದು ಹೋಗುವ ಡೀಸೆಲ್ಲಿನಿಂದಲೇ. ಅದಕ್ಕೇ ಆ ಟ್ರಕ್ ಇಟ್ಟವರು ಡ್ಯಾಶ್ ಮೇಲೆ ಫ್ಯೂಯಲ್ ಪ್ರೆಷರ್ ಗೇಜ್ ಕೂರಿಸಿಕೊಳ್ಳುತ್ತಾರೆ.

407 ಮಂಜ:

ನಮ್ಮ 407 ಡೀಸೆಲ್ ಗಾಡಿಯ ಫೀಡ್ ಪಂಪ್ ಮೇಲೆ ಕೈ ಪಂಪ್ ಇದೆ ಸಾರ್. ಬ್ಲೀಡ್ ಸ್ಕ್ರೂ ಬಿಚ್ಚು, ಒತ್ತು, ನೊರೆ ಹೋಗಿ ಡೀಸೆಲ್ ಬಂದರೆ ಬಿಗಿ ಮಾಡು, ನಡಿ.

ಹುಬ್ಬಳ್ಳಿ ವೈರ್‌ಮನ್:

ನೋಡ್ರಿ ಅಣ್ಣಾರ, ಎಲೆಕ್ಟ್ರಿಕ್ ಪಂಪ್ ಕೆಟ್ಟದ್ದಲ್ಲ, ಅದನ್ನು ಹಾಕುವವರು ಕೆಟ್ಟದಾಗಿ ಹಾಕುತ್ತಾರೆ. ನನ್ನ ಅಂಗಡಿಗೆ ಬಂದ ಒಂದು ಜೀಪಿಗೆ ಯಾರೋ ಇಂಜೆಕ್ಷನ್ ಕಾರಿನ ಪಂಪ್ ಕೂರಿಸಿದ್ದರು. ಅದು ಮೂರು ಬಾರ್, ಅಂದರೆ 43 ಪೌಂಡ್ ಮೇಲೆ. ಈ ಕಾರ್ಬರೇಟರಿನ ಸೂಜಿಗೆ ಬೇಕಾಗಿದ್ದು ಮೂರು ಪೌಂಡ್. ಬಾನೆಟ್ ತೆಗೆದರೆ ಕಾರ್ಬರೇಟರ್ ಮೇಲೆ ಕಾರಂಜಿ.

ನಿಮ್ಮ ಎಂಜಿನ್ 75 ಹಾರ್ಸ್ ಪವರ್. ಪೂರ್ತಿ ಒತ್ತಿ ಹಿಡಿದರೂ ಗಂಟೆಗೆ ಸುಮಾರು 25 ಲೀಟರ್ ಕುಡಿಯಬಹುದು, ಅಷ್ಟೇ. ಗಂಟೆಗೆ 100 ಲೀಟರ್ ಕೊಡುವ ಸಣ್ಣ ಚೌಕ ಡಬ್ಬಿ ಪಂಪೇ ಧಾರಾಳ ಆಯಿತು. ಡಬ್ಬಿ ಮೇಲೆ ನೋಡಬೇಕಾದ್ದು ಪ್ರೆಷರ್. ನಾಲ್ಕು ಪೌಂಡಿಗಿಂತ ಜಾಸ್ತಿ ಇದ್ದರೆ ತರಬೇಡಿ. ಅಂಥ ಪಂಪ್ ಎರಡು ಆಂಪ್ ಒಳಗೇ ಎಳೆಯುತ್ತದೆ, ಡೈನಮೋಗೆ ಭಾರ ಅಲ್ಲ. ಪಂಪಿಗಿಂತ ಮೊದಲು ಒಂದು ಫಿಲ್ಟರ್ ಇರಲೇಬೇಕು. ನಿಮ್ಮ ಟ್ಯಾಂಕಿನ ತುಕ್ಕು ಇದರೊಳಗೆ ಹೋದರೆ ಒಂದೇ ವಾರ.

ಎಲ್ಲದಕ್ಕಿಂತ ಮುಖ್ಯ, ಕೀಲಿಯಿಂದ ನೇರ ತಂತಿ ಎಳೆಯಬೇಡಿ.

ಮೂಡಿಗೆರೆ ಜೀಪ್ ಅಕ್ಕ:

ಇದನ್ನು ನಾನು ಅನುಭವಿಸಿದ್ದೇನೆ. ಮೊದಲು ನನ್ನದೂ ಕೀಲಿಗೇ ಕೊಟ್ಟಿತ್ತು. ಒಂದು ಸಂಜೆ ತೋಟದ ರಸ್ತೆಯಲ್ಲಿ ಚಕ್ರ ಚರಂಡಿಗೆ ಇಳಿದು ಜೀಪ್ ಒಂದು ಕಡೆಗೆ ವಾಲಿತು, ಎಂಜಿನ್ ನಿಂತಿತು. ನಾನು ಗಾಬರಿಯಲ್ಲಿ ಇಳಿದು ಆಳುಗಳನ್ನು ಕೂಗುತ್ತಿದ್ದೇನೆ. ಎಲ್ಲ ನಿಶ್ಶಬ್ದ, ಟಿಕ್ ಟಿಕ್ ಟಿಕ್ ಒಂದೇ ಸದ್ದು. ಕೀಲಿ ಆನ್ ಇತ್ತು. ವಾಲಿದ ಕಾರ್ಬರೇಟರಿಂದ ಪೆಟ್ರೋಲ್ ಸೋರಿ ಬಿಸಿ ಮ್ಯಾನಿಫೋಲ್ಡ್ ಮೇಲೆ ಬೀಳುತ್ತಾ ಚುಂಯ್ ಅಂತ ಹೊಗೆ ಏಳುತ್ತಿತ್ತು. ಓಡಿ ಹೋಗಿ ಕೀಲಿ ತೆಗೆದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಮಾರನೇ ದಿನವೇ ಆಯಿಲ್ ಪ್ರೆಷರ್ ಸ್ವಿಚ್ ಹಾಕಿಸಿದೆ.

ಹುಬ್ಬಳ್ಳಿ ವೈರ್‌ಮನ್:

ಅದೇರಿ ಅಕ್ಕಾರ. ಸೆಲ್ಫ್ ಹೊಡೆಯುವಾಗ ಮಾತ್ರ ಸೆಲ್ಫ್ ತಂತಿಯಿಂದ ಪಂಪಿಗೆ ಕರೆಂಟ್. ಎಂಜಿನ್ ಹತ್ತಿ ಆಯಿಲ್ ಪ್ರೆಷರ್ ಬಂದ ಮೇಲೆ ಆ ಸ್ವಿಚ್ಚಿನಿಂದ ಕರೆಂಟ್. ಎಂಜಿನ್ ನಿಂತರೆ ಪ್ರೆಷರ್ ಇಳಿಯುತ್ತದೆ, ಪಂಪ್ ನಿಲ್ಲುತ್ತದೆ. ಇದಕ್ಕೆ ಮೂರು ಕಾಲಿನ ಆಯಿಲ್ ಸ್ವಿಚ್ ಬೇಕು. ಡ್ಯಾಶ್ ಬೋರ್ಡಿನ ಕೆಂಪು ದೀಪದ ಸ್ವಿಚ್ ಇದಕ್ಕೆ ಉಲ್ಟಾ, ಪ್ರೆಷರ್ ಇಲ್ಲದಾಗ ಸೇರುತ್ತದೆ, ಬಂದಾಗ ಬಿಡುತ್ತದೆ. ಕೆಲವರು ಜಾಣತನ ಮಾಡಿ ಅದನ್ನೇ ರಿಲೇಗೆ ಕೊಟ್ಟು ಪಂಪನ್ನು 87ಎ ಕಾಲಿಗೆ (ರಿಲೇಗೆ ಕರೆಂಟ್ ಇಲ್ಲದಾಗ ಸೇರಿರುವ ಕಾಲು) ಕೊಡುತ್ತಾರೆ. ಕೆಲಸವೇನೋ ಆಗುತ್ತದೆ, ಆದರೆ ಸ್ವಿಚ್ಚಿನ ತಂತಿ ಕಿತ್ತು ಹೋದರೆ ಪಂಪ್ ನಿಲ್ಲುವುದೇ ಇಲ್ಲ. ತಂತಿ ಕಿತ್ತರೆ ಗಾಡಿ ನಿಲ್ಲಬೇಕು, ಪಂಪ್ ಓಡಬಾರದು.

ಗಾಡಿ ಗುದ್ದಿದರೆ ಕರೆಂಟ್ ಕಡಿಯುವ ಇನರ್ಷಿಯಾ ಸ್ವಿಚ್ ಗುಜರಿಯಲ್ಲಿ ಹಳೇ ಫೋರ್ಡ್ ಕಾರುಗಳಿಂದ ಸಿಗುತ್ತದೆ. ಅದನ್ನೂ ಸೇರಿಸಿದರೆ ಇನ್ನೂ ಒಳ್ಳೆಯದು.

ಹೆತ್ತೂರು ಹುಡುಗ:

ಭಾನುವಾರ ಪೂರ್ತಿ ಕೆಳಗೇ ಮಲಗಿದ್ದೆ. ಸಿಕ್ಕಿದ್ದನ್ನೆಲ್ಲ ಹೇಳುತ್ತೇನೆ.

ಟ್ಯಾಂಕಿನಿಂದ ಬರುವ ರಬ್ಬರ್ ಪೈಪ್ ನೋಡಲು ಚೆನ್ನಾಗಿಯೇ ಇತ್ತು. ಬಗ್ಗಿಸಿದರೆ ಕ್ಲಿಪ್ಪಿನ ಪಕ್ಕ ಉದ್ದಕ್ಕೂ ಕೂದಲೆಳೆ ಬಿರುಕು. ಒಳಗೆ ಬೆರಳು ಹಾಕಿದರೆ ಅಂಟು ಅಂಟು. ಅಜ್ಜನ ಗುಳ್ಳೆ ಅಲ್ಲೇ ಹುಟ್ಟುತ್ತಿತ್ತು.

ಪಂಪ್ ಬಿಚ್ಚಿದೆ. ಎಂಜಿನ್ನಿಗೆ ಕೂರುವ ಕಡೆ ಒಂದರ ಮೇಲೊಂದು ಮೂರು ಪ್ಯಾಕಿಂಗ್! ಮಧ್ಯದ್ದು ಯಾರೋ ರಟ್ಟು ಕತ್ತರಿಸಿ ಮಾಡಿದ್ದು. ಪಂಪಿನ ತಳದಲ್ಲಿ ಒಂದು ಸಣ್ಣ ತೂತು ಇದೆಯಲ್ಲ, ಅಲ್ಲಿ ಒದ್ದೆ. ಆಯಿಲ್ ಕಡ್ಡಿ ಮೂಸಿದರೆ ಪೆಟ್ರೋಲ್ ವಾಸನೆ. ಮಟ್ಟವೂ ಮಾರ್ಕಿಗಿಂತ ಮೇಲೆ. ನಾನು ಆಯಿಲ್ ಕುಡಿಯದ ಒಳ್ಳೇ ಎಂಜಿನ್ ಅಂತ ಹೆಮ್ಮೆ ಪಡುತ್ತಿದ್ದೆ 🤦

ಎಫ್-ಹೆಡ್ ಅಜ್ಜ, ಮಡಿಕೇರಿ:

ಗಾಡಿ ಸ್ಟಾರ್ಟ್ ಮಾಡಬೇಡ! ಮೊದಲು ಆಯಿಲ್ ಪೂರ್ತಿ ಇಳಿಸು. ಡಯಾಫ್ರಮ್ ಹರಿದು ಪೆಟ್ರೋಲ್ ಚೇಂಬರಿಗೆ (ಎಂಜಿನ್ ಆಯಿಲ್ ನಿಲ್ಲುವ ತಳಕ್ಕೆ) ಇಳಿದಿದೆ. ಆ ನೀರಾದ ಆಯಿಲ್‌ನಲ್ಲಿ ಘಾಟಿ ಹತ್ತಿದರೆ ಬೇರಿಂಗ್ ಹೋಗುತ್ತದೆ. ಆ ಸಣ್ಣ ತೂತು ಇರುವುದೇ ಹರಿದಿದೆ ಅಂತ ಹೇಳಲಿಕ್ಕೆ. ಸೋರುತ್ತದೆ ಅಂತ ಅದಕ್ಕೆ ಎಂಸೀಲ್ ಮೆತ್ತಿದ ಮಹಾನುಭಾವರನ್ನೂ ನೋಡಿದ್ದೇನೆ.

ಮೂರು ಪ್ಯಾಕಿಂಗ್ ಕೂಡಾ ಅಪರಾಧವೇ. ಪ್ಯಾಕಿಂಗ್ ದಪ್ಪ ಆದಷ್ಟೂ ಪಂಪ್ ಕ್ಯಾಮಿನಿಂದ ದೂರ ಹೋಗುತ್ತದೆ, ತೋಳು ಆಡುವುದು ಕಮ್ಮಿ, ಎಳೆಯುವುದು ಕಮ್ಮಿ. ಒಂದೇ ಒಂದು ತೆಳು ಪ್ಯಾಕಿಂಗ್ ಹಾಕು.

ಕಿಟ್ ತರುವಾಗ ಎಥನಾಲ್ ತಡೆಯುವ ಡಯಾಫ್ರಮ್ ಅಂತ ಕೇಳಿ ತಾ. ಕಪಾಟಿನಲ್ಲಿ ಮೂವತ್ತು ವರ್ಷ ಕೂತ "ಒರಿಜಿನಲ್" ಕಿಟ್ ಕೊಟ್ಟರೆ ಬೇಡ ಅನ್ನು. ಕೂರಿಸಿದ ಮೇಲೆ ಕಾರ್ಬರೇಟರ್ ಹತ್ತಿರ ಪೈಪ್ ಬಿಚ್ಚಿ ಬಾಟಲಿಗೆ ಹಿಡಿ, ಕಾಯಿಲ್ ತಂತಿ ತೆಗೆದಿಡು, ಯಾರಿಗಾದರೂ ಸೆಲ್ಫ್ ಹೊಡೆಯಲು ಹೇಳು. ಒಳ್ಳೇ ಹಸು ಕರೆದ ಹಾಗೆ ಚುರ್ ಚುರ್ ಅಂತ ಜೋರಾಗಿ ಬೀಳಬೇಕು. ಬಯಲಲ್ಲಿ ಮಾಡು, ಬೀಡಿ ಸೇದುವವರನ್ನು ಓಡಿಸು.

ಮೂಡಿಗೆರೆ ಜೀಪ್ ಅಕ್ಕ:

ಒಂದು ಮಾತು ಸೇರಿಸುತ್ತೇನೆ. ಹಳೇ ಪಂಪ್ ಅಲ್ಲೇ ಬಿಟ್ಟು ಹಿಂದೆ ಎಲೆಕ್ಟ್ರಿಕ್ ಹಾಕಿ ಅದರ ಮೂಲಕವೇ ತಳ್ಳಿಸುವವರು ತುಂಬಾ ಜನ ಇದ್ದಾರೆ. ನಿಮ್ಮ ಮೇಸ್ತ್ರಿ ಹಾಗೆ ಮಾಡಿದ್ದರೆ ಆ ಹರಿದ ಡಯಾಫ್ರಮ್ ಮೂಲಕ ಎಲೆಕ್ಟ್ರಿಕ್ ಪಂಪ್ ಚೇಂಬರಿಗೆ ನೇರ ಪೆಟ್ರೋಲ್ ತುಂಬುತ್ತಿತ್ತು. ಎಲೆಕ್ಟ್ರಿಕ್ ಹಾಕಿದರೆ ಹಳೆಯದನ್ನು ತೆಗೆದು ಆ ಜಾಗಕ್ಕೆ ತಗಡಿನ ಮುಚ್ಚಳ ಹಾಕಬೇಕು.

ಹೆತ್ತೂರು ಹುಡುಗ:

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಪಂಪಿಗೆ ಹೊಸ ಕಿಟ್, ಒಂದೇ ಪ್ಯಾಕಿಂಗ್, ಇ20 ತಡೆಯುವ ರಬ್ಬರ್ ಪೈಪ್, ಟ್ಯಾಂಕ್ ತೊಳೆಸಿ ಹೊಸ ಫಿಲ್ಟರ್. ಆಯಿಲ್ ಬದಲಾಯಿಸಿದೆ. ಪಂಪಿಗೂ ಮ್ಯಾನಿಫೋಲ್ಡಿಗೂ ನಡುವೆ ಹಳೇ ಎಣ್ಣೆ ಡಬ್ಬದ ತಗಡು ಕತ್ತರಿಸಿ ಒಂದು ಗೋಡೆ ಮಾಡಿದೆ. ಬಟ್ಟಲಲ್ಲಿ ಈಗ ಒಂದೂ ಗುಳ್ಳೆ ಇಲ್ಲ, ನೋಡುತ್ತಾ ಕೂತರೆ ಅದೇ ಒಂದು ಸುಖ.

ನಿನ್ನೆ ಬೇಕೂಂತಲೇ ಮಧ್ಯಾಹ್ನದ ಬಿಸಿಲಿಗೆ ಹಿಂದೆ ಹತ್ತು ಮೂಟೆ ಗೊಬ್ಬರ ಹಾಕಿಕೊಂಡು ಗುಂಡ್ಯದಿಂದ ಹತ್ತಿದೆ. ಜಗ್ಗಲಿಲ್ಲ. ದೋಣಿಗಾಲ್‌ನಲ್ಲಿ ಅದೇ ಅಂಗಡಿ, ಅದೇ ಟೀ. ಆಮೇಲೆ ಸೆಲ್ಫ್ ಹೊಡೆದರೆ ಮೊದಲ ಸಲ ಆಗಲಿಲ್ಲ, ಎದೆ ಧಸಕ್ ಅಂತು. ಇಣುಕಿದರೆ ಈ ಸಲ ಒದ್ದೆ. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಹೊಡೆದೆ, ಕಪ್ಪು ಹೊಗೆ ಬಿಟ್ಟು ಹತ್ತಿತು.

ಎಫ್-ಹೆಡ್ ಅಜ್ಜ, ಮಡಿಕೇರಿ:

ಅದು ಕಾರ್ಬರೇಟರ್ ಬಟ್ಟಲು ಕುದಿಯುವುದು, ಮೊದಲೇ ಹೇಳಿದೆನಲ್ಲ. ಪಂಪಿನ ತಪ್ಪಲ್ಲ. ಕಾರ್ಬರೇಟರ್ ಕೆಳಗೆ ಬಿಸಿ ತಡೆಯುವ ದಪ್ಪ ಬೇಕಲೈಟ್ ಪ್ಯಾಕಿಂಗ್ ಹಾಕು. ಇಲ್ಲಿ ಮಾತ್ರ ದಪ್ಪ ಇರಬೇಕು! ಟೀ ಕುಡಿಯುವಾಗ ಎಂಜಿನ್ ಡಬ್ಬದ ಮುಚ್ಚಳ ತೆಗೆದಿಡು.

ಮೂಡಿಗೆರೆ ಜೀಪ್ ಅಕ್ಕ:

ಸರಿ, ಈ ಸಲ ಅಜ್ಜ ಗೆದ್ದರು. ಮಳೆಗಾಲ ಮುಗಿದ ಮೇಲೆ ಸ್ಟಾರ್ಟ್ ಮಾಡುವಾಗ ನನ್ನ ನೆನಪಾಗುತ್ತದೆ ನಿಮಗೆ.

ಹೆತ್ತೂರು ಹುಡುಗ:

ಅಕ್ಕ, ಅದೇ ಭಯ. ನನ್ನ ಪಂಪಿನಲ್ಲಿ ಕೈಲಿವರ್ ಮುರಿದು ಹೋಗಿದೆ, ತಳದಲ್ಲಿ ಮೊಂಡು ಮಾತ್ರ ಉಳಿದಿದೆ. ಅದೊಂದು ಇದ್ದಿದ್ದರೆ ಎಲೆಕ್ಟ್ರಿಕ್ ಯೋಚನೆಯನ್ನೇ ಬಿಡುತ್ತಿದ್ದೆ.

ಎಫ್-ಹೆಡ್ ಅಜ್ಜ, ಮಡಿಕೇರಿ:

ನನ್ನ ಡಬ್ಬದಲ್ಲಿ ಲಿವರ್ ಇರುವ ಒಂದು ಹಳೇ ಬಾಡಿ ಇದೆ. ಕಿಟ್ ನೀನು ಹಾಕಿಕೊಳ್ಳಬೇಕು. ಗುರುವಾರ ಸೋಮವಾರಪೇಟೆ ಕಡೆ ಬರುವ ಕೆಲಸ ಇದೆ, ಬಂದು ತಗೊಂಡು ಹೋಗು. ಆ ಟ್ರಕ್ಕಲ್ಲೇ ಬಾ, ನನಗೂ ಒಂದು ಸಲ ಓಡಿಸಬೇಕು.